ಶೂ ಡಬ್ಬಿ ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ, ಯಾಕೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಡಿಸೆಂಬರ್ ಪ್ರವಾಸಕ್ಕೆ ಏಳನೇ ತರಗತಿ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆವು. ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳುವುದನ್ನು ನೋಡಿದ ಮಕ್ಕಳು ದಾರಿಯುದ್ದಕ್ಕೂ ಅದನ್ನೇ ಕೇಳಿದರು. ಊರಿಗೆ ಬಂದು ಒಂದು ಶೂ ಡಬ್ಬಿಗೆ ಈ ಕಡೆ ತೂತು ಮಾಡಿ, ಆ ಕಡೆ ಬಟರ್ ಪೇಪರ್ ಅಂಟಿಸಿ ಸೂಜಿರಂಧ್ರ ಕ್ಯಾಮೆರಾ ಮಾಡಿದೆವು. ಅಂಗಳದಲ್ಲಿ ಹಿಡಿದು ನೋಡಿದರೆ ಏನೂ ಇಲ್ಲ, ಬರೀ ಬಿಳಿ ಕಾಗದ. ತೂತು ದೊಡ್ಡದು ಮಾಡಿದೆವು, ಸಣ್ಣದು ಮಾಡಿದೆವು, ಆಗಲೂ ಅಷ್ಟೇ. ಎಲ್ಲಿ ತಪ್ಪಿತು? ಜಾಸ್ತಿ ಖರ್ಚಿಲ್ಲದೆ ಮಕ್ಕಳಿಗೆ ಬೆಳಕಿನ ಪಾಠ ಹೇಳಿಕೊಡುವಂಥ ಕ್ಯಾಮೆರಾ ಹೇಗೆ ಮಾಡುವುದು? ಅದರಲ್ಲಿ ಫೋಟೋ ತೆಗೆಯಲು ಆಗುತ್ತದಾ?

ಉತ್ತರ: ಮೇಡಂ, ನಿಮ್ಮ ಡಬ್ಬಿ ಕೆಲಸ ಮಾಡಿತ್ತು. ಬಟರ್ ಪೇಪರ್ ಮೇಲೆ ಚಿತ್ರವೂ ಬಿದ್ದಿತ್ತು. ಅದು ನಿಮ್ಮ ಕಣ್ಣಿಗೆ ಕಾಣದ ಹಾಗೆ ಮಾಡಿದ್ದು ನೀವು ನಿಂತಿದ್ದ ಅಂಗಳದ ಬೆಳಕು. ಹಗಲಲ್ಲೂ ಆಕಾಶದ ತುಂಬ ನಕ್ಷತ್ರ ಇರುತ್ತವೆ, ಕಾಣುವುದಿಲ್ಲ ಅಲ್ವಾ? ಇದೂ ಹಾಗೇ.

ಸ್ವಲ್ಪ ಲೆಕ್ಕ ಹಾಕೋಣ. ಶೂ ಡಬ್ಬಿಯ ಉದ್ದ ಸುಮಾರು 30 ಸೆಂ.ಮೀ., ತೂತು 1 ಮಿ.ಮೀ. ಅಂತ ಇಟ್ಟುಕೊಳ್ಳಿ. ಎದುರಿಗೆ ರಣಬಿಸಿಲಲ್ಲಿ ಹೊಳೆಯುವ ಗೋಡೆಯೇ ಇರಲಿ, ಅಷ್ಟು ಸಣ್ಣ ತೂತಿನಿಂದ ನುಸುಳಿ ಅಷ್ಟು ದೂರ ಬಂದು ಕಾಗದದ ಮೇಲೆ ಬೀಳುವ ಬೆಳಕು ಒಂದು ಲಕ್ಸ್‌ಗಿಂತ ಕಡಿಮೆ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ. ಇದು ಹೆಚ್ಚುಕಮ್ಮಿ ಹುಣ್ಣಿಮೆಯ ಬೆಳದಿಂಗಳಷ್ಟು. ಅದೇ ಕಾಗದದ ಹಿಂಬದಿಗೆ, ಅಂದರೆ ನೀವು ನೋಡುತ್ತಿರುವ ಕಡೆಗೆ, ಅಂಗಳದ ಬೆಳಕು ಬೀಳುತ್ತಿರುತ್ತದೆ. ಮರದ ನೆರಳಲ್ಲಿ ನಿಂತರೂ ಅದು ಸಾವಿರಾರು ಲಕ್ಸ್. ಮಟಮಟ ಮಧ್ಯಾಹ್ನ ಬೆಳದಿಂಗಳು ಹುಡುಕಿದ ಹಾಗಾಯಿತು. ತೂತನ್ನು ಎಷ್ಟು ಹಿಗ್ಗಿಸಿ ಕುಗ್ಗಿಸಿದರೂ ಪ್ರಯೋಜನ ಇಲ್ಲ. ಕಾಗದದ ಹಿಂದೆ ಕತ್ತಲು ಬೇಕು.

ಹೊಸದೇನನ್ನೂ ಮಾಡುವ ಮೊದಲು ಹಳೇ ಡಬ್ಬಿಯನ್ನೇ ಇನ್ನೊಮ್ಮೆ ಪರೀಕ್ಷೆ ಮಾಡಿ. ಒಂದು ದಪ್ಪ ಕಂಬಳಿ ತನ್ನಿ. ತಲೆ ಮೇಲಿಂದ ಹೊದ್ದು, ಡಬ್ಬಿಯ ತೂತಿನ ಕಡೆ ಮಾತ್ರ ಕಂಬಳಿಯಿಂದ ಆಚೆ ಇರಲಿ. ಹಳೇ ಕಾಲದ ಸ್ಟುಡಿಯೋದವರು ಕಪ್ಪು ಬಟ್ಟೆ ಹೊದ್ದು ನಿಲ್ಲುತ್ತಿದ್ದದ್ದು ಇದಕ್ಕೇ. ಎರಡು ಮೂರು ನಿಮಿಷ ಸುಮ್ನೆ ಇರಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ಆಮೇಲೆ ಡಬ್ಬಿಯನ್ನು ಬಿಸಿಲಲ್ಲಿರುವ ಯಾವುದಾದರೂ ಗಿಡದ ಕಡೆ ತಿರುಗಿಸಿ. ಮಸುಕಾಗಿ ಕಾಣುತ್ತದೆ, ಆದರೆ ಕಾಣುತ್ತದೆ.

ಕಂಬಳಿ ಇಲ್ಲದೆ ಮಗು ತಾನೇ ಕೈಯಲ್ಲಿ ಹಿಡಿದು ಓಡಾಡುವಂಥದ್ದು ಬೇಕು ಅಂದರೆ ಡಬ್ಬಿ ಬಿಟ್ಟು ಕೊಳವೆಗೆ ಬನ್ನಿ. ಒಂದು ಲೀಟರ್ ನೀರಿನ ಬಾಟಲಿಯ ಸುತ್ತ ಕಪ್ಪು ಚಾರ್ಟ್ ಪೇಪರನ್ನು ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ ಅಂಟಿಸಿ. ಉದ್ದ 30 ಸೆಂ.ಮೀ. ಇರಲಿ. ಇದು ಒಳಗಿನ ಕೊಳವೆ. ಅದರ ಮೇಲೆಯೇ ಇನ್ನೊಂದು ಹಾಳೆಯನ್ನು ಅದೇ ರೀತಿ ಸುತ್ತಿದರೆ ಹೊರಗಿನ ಕೊಳವೆ ಸಿಕ್ಕಿತು. ಒಂದರೊಳಗೆ ಒಂದು ಸರಾಗವಾಗಿ ಜಾರಬೇಕು, ಹಾಗಂತ ಸಡಿಲ ಇರಬಾರದು. ಸೈಕಲ್ ಪಂಪಿನ ಹಾಗೆ. ಒಳಗಿನ ಕೊಳವೆಯ ಒಂದು ತುದಿಗೆ ಬಟರ್ ಪೇಪರನ್ನು ತಬಲಾದ ಚರ್ಮದಂತೆ ಬಿಗಿಯಾಗಿ ಎಳೆದು, ಒಂದೇ ಪದರ ಟೇಪಿನಿಂದ ಅಂಟಿಸಿ. ಹೊರಗಿನ ಕೊಳವೆಯ ಒಂದು ತುದಿಗೆ ರಟ್ಟಿನ ಮುಚ್ಚಳ. ಮುಚ್ಚಳದ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಕಿಂಡಿ. ಆ ಕಿಂಡಿಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್. ತೂತು ಮಾಡುವುದು ಆ ಫಾಯಿಲ್‌ನಲ್ಲಿ. ಅಂಚುಗಳಿಗೆಲ್ಲ ಎಲೆಕ್ಟ್ರಿಷಿಯನ್‌ಗಳು ಬಳಸುವ ಕಪ್ಪು ಟೇಪು ಸುತ್ತಿ. ಸಾದಾ ಸೆಲೋಟೇಪು ಬೇಡ, ಅದರ ಮೂಲಕ ಬೆಳಕು ಆರಾಮಾಗಿ ಒಳಗೆ ಬರುತ್ತದೆ.

ಈಗ ಒಳಗಿನ ಕೊಳವೆಯನ್ನು ಬಟರ್ ಪೇಪರ್ ಇರುವ ತುದಿ ಮುಂದಾಗಿ ತೂರಿಸಿ. ಪೇಪರು ತೂತಿನಿಂದ 10 ಸೆಂ.ಮೀ. ದೂರ ನಿಲ್ಲಲಿ. ಅಂದರೆ ಪೇಪರಿನ ಹಿಂದೆ ಇನ್ನೂ 30 ಸೆಂ.ಮೀ. ಕತ್ತಲ ಕೊಳವೆ ಉಳಿಯುತ್ತದೆ. ಮಗು ಅದರ ಬಾಯಿಗೆ ಒಂದು ಕಣ್ಣು ಒತ್ತಿ, ಪಕ್ಕದಲ್ಲಿ ಕೈ ಅಡ್ಡ ಹಿಡಿದರೆ ಮುಗಿಯಿತು. ಕಂಬಳಿ ಮಾಡುತ್ತಿದ್ದ ಕೆಲಸವನ್ನು ಕೊಳವೆಯೇ ಮಾಡುತ್ತದೆ. ಶೂ ಡಬ್ಬಿಯಲ್ಲಿ 30 ಸೆಂ.ಮೀ. ಇದ್ದ ದೂರ ಇಲ್ಲಿ 10ಕ್ಕೆ ಇಳಿಯಿತು. ತೂತನ್ನೂ ಒಂದೂವರೆ ಮಿಲಿಮೀಟರ್ ಮಾಡಿದರೆ ಚಿತ್ರ ಮೊದಲಿಗಿಂತ ಸುಮಾರು 20 ಪಟ್ಟು ಬೆಳಕಾಗುತ್ತದೆ. ಚಿತ್ರ ಚಿಕ್ಕದಾಗುತ್ತದೆ, ನಿಜ. ಆದರೆ ದೊಡ್ಡದಾಗಿ ಕಾಣದೇ ಇರುವುದಕ್ಕಿಂತ ಚಿಕ್ಕದಾಗಿ ಕಾಣುವುದು ವಾಸಿ.

ಬಟರ್ ಪೇಪರ್ ಸಿಗದಿದ್ದರೆ ತೊಂದರೆ ಇಲ್ಲ. ಮಿರ್ಚಿ ಕಟ್ಟಿಕೊಟ್ಟ ಕಾಗದ ನೋಡಿದ್ದೀರಲ್ಲ, ಎಣ್ಣೆ ಹೀರಿದ ಜಾಗ ಅರೆಪಾರದರ್ಶಕ ಆಗಿರುತ್ತದೆ. ಬಿಳಿ ಹಾಳೆಗೆ ನಾಲ್ಕು ಹನಿ ಅಡುಗೆ ಎಣ್ಣೆ ಸವರಿ ಒರೆಸಿದರೆ ಪರದೆ ತಯಾರು. ಕಾಗದದ ನಾರುಗಳ ಮಧ್ಯೆ ಗಾಳಿ ತುಂಬಿರುತ್ತದೆ. ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ಹೋಗುವಾಗೆಲ್ಲ ಬೆಳಕು ಚೆದುರುತ್ತದೆ, ಅದಕ್ಕೇ ಕಾಗದ ಬೆಳ್ಳಗೆ ಕಾಣುವುದು. ಗಾಳಿಯ ಜಾಗಕ್ಕೆ ಎಣ್ಣೆ ಬಂದರೆ ಚೆದುರುವುದು ಕಡಿಮೆಯಾಗಿ ಬೆಳಕು ದಾಟಿಹೋಗುತ್ತದೆ. ಒಂದು ಮಿರ್ಚಿ ಕಾಗದದಲ್ಲಿ ವಕ್ರೀಭವನದ ಅರ್ಧ ಪಾಠ ಇದೆ.

ತೂತಿನ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ರಟ್ಟಿಗೇ ನೇರವಾಗಿ ತೂತು ಹಾಕಬೇಡಿ. ರಟ್ಟು ದಪ್ಪ, ತೂತು ಸುರಂಗದ ಹಾಗಾಗುತ್ತದೆ, ಒಳಗೆಲ್ಲ ಜುಂಗು ಏಳುತ್ತದೆ. ಫಾಯಿಲನ್ನು ಹಳೇ ನೋಟ್‌ಬುಕ್ ಮೇಲಿಟ್ಟು ದಬ್ಬಳದ ಮೊನೆಯನ್ನು ಚುಚ್ಚದೆ, ಮೆಲ್ಲಗೆ ತಿರುಗಿಸುತ್ತಾ ಒಳಗೆ ಬಿಡಿ. ಅಳತೆ ಗೊತ್ತಾಗಬೇಕಾದರೆ ತೂತನ್ನು ಸ್ಕೇಲಿನ ಮಿಲಿಮೀಟರ್ ಗೆರೆಗಳ ಪಕ್ಕ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ. ಮಕ್ಕಳಿಗೆ ಈ ಕೆಲಸ ಬಹಳ ಇಷ್ಟ, ಯಾರ ತೂತು ಗುಂಡಗಿದೆ ಅಂತ ಪಂದ್ಯವೇ ನಡೆಯುತ್ತದೆ.

ಕೊಳವೆ ಮಕ್ಕಳ ಕೈಗೆ ಕೊಡುವಾಗ ಒಂದು ಮಾತು. ಚಿತ್ರ ತಲೆಕೆಳಗಾಗಿ ಕಾಣುತ್ತದೆ ಅಂತ ಮೊದಲೇ ಹೇಳಬೇಡಿ. ಹಂಪಿಯಲ್ಲಿ ನೋಡಿದ್ದರೂ ಅವರಿಗೆ ಅದು ಆ ಗುಡಿಯ ವಿಶೇಷ ಅಂತಲೇ ಅನಿಸಿರುತ್ತದೆ. ಒಂದು ಶಾಲೆಯಲ್ಲಿ ಹುಡುಗನೊಬ್ಬ ಕೊಳವೆಯನ್ನು ರಸ್ತೆ ಕಡೆ ಹಿಡಿದು ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, “ಸರ್, ಬಸ್ಸು ಕೆಂಪಗೇ ಐತ್ರಿ” ಅಂದ. ತಲೆಕೆಳಗಾಗಿದ್ದು ಅವನಿಗೆ ದೊಡ್ಡದಲ್ಲ. ಒಂದು ತೂತು, ಒಂದು ಕಾಗದ, ಅಷ್ಟರಲ್ಲೇ ಬಣ್ಣ ಬಂದಿದ್ದು, ಬಸ್ಸು ಓಡಿದ್ದು, ಅದರ ಹಿಂದೆ ಧೂಳು ಎದ್ದಿದ್ದು ದೊಡ್ಡದು. ಪುಸ್ತಕದಲ್ಲಿ ಒಂದು ಮೇಣದಬತ್ತಿ, ಎರಡು ಗೆರೆ, ಒಂದು ಉಲ್ಟಾ ಮೇಣದಬತ್ತಿ ನೋಡಿದ ಮಗುವಿಗೆ ಬಸ್ಸಿನ ಬಣ್ಣ ಬರುತ್ತದೆ ಅಂತ ಹೇಗೆ ಗೊತ್ತಾಗಬೇಕು?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತೂತು ಏನು ಮಾಡುತ್ತದೆ ಅಂತ ಮಕ್ಕಳನ್ನು ಕೇಳಿ. ಹೆಚ್ಚಿನವರು, ಎಷ್ಟೋ ಸಲ ಶಿಕ್ಷಕರೂ, “ತೂತು ಚಿತ್ರವನ್ನು ಒಳಗೆ ತರುತ್ತದೆ” ಅನ್ನುತ್ತಾರೆ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ತೂತು ತರುವುದಿಲ್ಲ, ತಡೆಯುತ್ತದೆ.

ನಿಮ್ಮ ತರಗತಿಯ ಕಿಟಕಿಗೆ ಎದುರಿನ ಗೋಡೆ ನೋಡಿ. ಹೊರಗಿನ ಬೇವಿನ ಮರದ ಒಂದೊಂದು ಎಲೆಯಿಂದಲೂ ಬೆಳಕು ಎಲ್ಲ ದಿಕ್ಕಿಗೂ ಹೊರಡುತ್ತದೆ. ಕಿಟಕಿಯಿಂದ ಒಳಗೆ ಬಂದು ಆ ಗೋಡೆಯ ಮೂಲೆಮೂಲೆಗೂ ಬೀಳುತ್ತದೆ. ಮರದ ಬೆಳಕು, ಆಕಾಶದ ಬೆಳಕು, ಎದುರುಮನೆ ಹೆಂಚಿನ ಬೆಳಕು, ಎಲ್ಲ ಗೋಡೆಯ ಪ್ರತಿ ಚುಕ್ಕೆಯಲ್ಲೂ ಕಲಸಿಕೊಂಡಿವೆ. ಅಂದರೆ ಗೋಡೆ ಮೇಲೆ ಚಿತ್ರ ಆಗಲೇ ಇದೆ. ಒಂದಲ್ಲ, ಲಕ್ಷಾಂತರ, ಒಂದರ ಮೇಲೊಂದು, ಒಂದಿಷ್ಟು ಆಚೀಚೆ ಸರಿದು. ಅಷ್ಟೂ ಸೇರಿ ನಮಗೆ ಸಾದಾ ಬೆಳಕಾಗಿ ಕಾಣುತ್ತದೆ. ಸಂತೆಯಲ್ಲಿ ಸಾವಿರ ಜನ ಒಟ್ಟಿಗೆ ಮಾತಾಡಿದರೆ ಗದ್ದಲ ಅನಿಸುತ್ತದೆ. ಮಿಕ್ಕವರನ್ನೆಲ್ಲ ಸುಮ್ಮನಾಗಿಸಿದರೆ ಒಬ್ಬರ ಮಾತು ಕೇಳುತ್ತದೆ. ತೂತು ಮಾಡುವುದು ಅದನ್ನೇ. ಒಂದು ಚಿತ್ರ ಬಿಟ್ಟು ಉಳಿದದ್ದನ್ನೆಲ್ಲ ಹೊರಗೇ ನಿಲ್ಲಿಸುತ್ತದೆ. ಮರದ ತುದಿಯ ಬೆಳಕು ಸಣ್ಣ ತೂತಿನ ಮೂಲಕ ಹೋಗಬೇಕಾದರೆ ಕೆಳಮುಖವಾಗಿಯೇ ಹೋಗಬೇಕು, ಬುಡದ ಬೆಳಕು ಮೇಲ್ಮುಖವಾಗಿ. ಚಿತ್ರ ಉಲ್ಟಾ ಆಗುವುದು ಹೀಗೆ, ಬೇರೆ ಮಾಯೆ ಏನಿಲ್ಲ.

ಮಕ್ಕಳ ಮುಂದಿನ ಪ್ರಶ್ನೆ ಗ್ಯಾರಂಟಿ: ಅಷ್ಟು ಬೆಳಕು ಅಷ್ಟು ಸಣ್ಣ ತೂತಿನಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲವಾ? ಇದೇ ಪ್ರಶ್ನೆಯನ್ನು ಸುಮಾರು ಸಾವಿರ ವರ್ಷದ ಹಿಂದೆ ಇಬ್ನ್ ಅಲ್-ಹೈಥಮ್ ಎಂಬ ವಿದ್ವಾಂಸ ಕೇಳಿಕೊಂಡಿದ್ದ. ಇರಾಕಿನ ಬಸ್ರಾದಲ್ಲಿ ಹುಟ್ಟಿ ಈಜಿಪ್ಟಿನ ಕೈರೋದಲ್ಲಿ ಬಾಳಿದವನು. ಅವನು ಒಂದು ಕಿಂಡಿಯ ಎದುರು ದೀಪಗಳನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟ. ಕಿಂಡಿಯ ಆಚೆ ಕತ್ತಲಲ್ಲಿ ಒಂದೊಂದು ದೀಪಕ್ಕೂ ಒಂದೊಂದು ಬೆಳಕಿನ ಮಚ್ಚೆ ಬಿತ್ತು. ಒಂದು ದೀಪಕ್ಕೆ ಅಡ್ಡ ಹಿಡಿದಾಗ ಅದರ ಮಚ್ಚೆ ಮಾತ್ರ ಮಾಯ, ಉಳಿದವು ಇದ್ದ ಹಾಗೇ. ಬೆಳಕುಗಳು ಕಿಂಡಿಯಲ್ಲಿ ಒಂದನ್ನೊಂದು ದಾಟಿ ಹೋಗುತ್ತವೆ, ಬೆರೆತುಹೋಗುವುದಿಲ್ಲ ಅಂತ ಅವನು ತೋರಿಸಿದ್ದು ಹೀಗೆ.

ಇದನ್ನು ನೀವು ದೀಪಾವಳಿಯಲ್ಲಿ ಉಳಿದ ಹಣತೆಗಳಲ್ಲೇ ಮಾಡಬಹುದು. ಸಂಜೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೂರು ಹಣತೆ ಸಾಲಾಗಿ ಇಡಿ. ಮುಂದೆ ತೂತಿನ ರಟ್ಟು, ಅದರ ಹಿಂದೆ ಬಿಳಿ ಹಾಳೆ. ಮೂರು ಉಲ್ಟಾ ಜ್ವಾಲೆ ಕಾಣುತ್ತವೆ. ಒಂದು ಮಗು ಎಡಗಡೆ ಹಣತೆಗೆ ಅಂಗೈ ಅಡ್ಡ ಹಿಡಿಯಲಿ. ಯಾವ ಜ್ವಾಲೆ ಹೋಗುತ್ತದೆ ಅಂತ ಮಿಕ್ಕವರು ಮೊದಲೇ ಹೇಳಬೇಕು. ಬಲಗಡೆಯದು ಹೋದಾಗ ಆಗುವ ಗಲಾಟೆಗೆ ಪಕ್ಕದ ತರಗತಿಯವರು ಓಡಿ ಬರಬಹುದು, ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿರಿ.

ಹಂಪಿಯದ್ದನ್ನು ಎಲ್ಲರೂ ನೆರಳು ಅಂತಲೇ ಕರೆಯುತ್ತಾರೆ. ನೀವು ಮಾತ್ರ ತರಗತಿಯಲ್ಲಿ ಹಾಗೆ ಕರೆಯಬೇಡಿ. ನೆರಳು ಅಂದರೆ ಬೆಳಕು ತಲುಪದ ಜಾಗ. ವಿರೂಪಾಕ್ಷ ಗುಡಿಯ ಆ ಗೋಡೆ ಮೇಲಿರುವುದು ಬೆಳಕೇ, ಗೋಪುರದಿಂದಲೂ ಅದರ ಸುತ್ತಲಿನ ಆಕಾಶದಿಂದಲೂ ಹೊರಟು, ಕಿಂಡಿಯಲ್ಲಿ ನುಸುಳಿ ಬಂದ ಬೆಳಕು. ಆಕಾಶ ಹೊಳೆಯುತ್ತದೆ, ಗೋಪುರ ಅದರ ಮುಂದೆ ಮಬ್ಬು, ಹಾಗಾಗಿ ನೆರಳಿನಂತೆ ಕಾಣುತ್ತದೆ. ಸುಮಾರು 50 ಮೀಟರ್ ಎತ್ತರದ, ಒಂಬತ್ತು ಅಂತಸ್ತಿನ ಗೋಪುರ ಒಂದು ಗೋಡೆಯಲ್ಲಿ ಹಿಡಿಸಿದೆ ಅಂದರೆ ಅದು ದೊಡ್ಡದೊಂದು ಸೂಜಿರಂಧ್ರ ಕ್ಯಾಮೆರಾ. ಅಲ್ಲಿ ಕಾಣುತ್ತದೆ, ನಿಮ್ಮ ಅಂಗಳದಲ್ಲಿ ಕಾಣಲಿಲ್ಲ ಯಾಕೆ ಅಂತ ಮಕ್ಕಳನ್ನೇ ಕೇಳಿ. ಆ ಜಾಗ ಎಷ್ಟು ಕತ್ತಲಿತ್ತು ಅನ್ನುವುದು ಯಾರಿಗಾದರೂ ನೆನಪಾಗುತ್ತದೆ.

ಕತ್ತಲಿನ ಬೆಲೆ ನನಗೂ ತಡವಾಗಿಯೇ ಗೊತ್ತಾದದ್ದು. ವರ್ಷಗಳ ಹಿಂದೆ ಮಲೆನಾಡಿನ ಒಂದು ಶಾಲೆಯಲ್ಲಿ ಇಡೀ ಕೋಣೆಯನ್ನೇ ಕ್ಯಾಮೆರಾ ಮಾಡುತ್ತೇನೆ ಅಂತ ಜಂಭದಿಂದ ಹೊರಟೆ. ಕಿಟಕಿಗಳಿಗೆ ಗೋಣಿಚೀಲ, ಬಾಗಿಲಿಗೆ ಜಮಖಾನ, ಎಲ್ಲ ಆಯಿತು. ಮಾಡು ಹೆಂಚಿನದು ಅನ್ನುವುದನ್ನೇ ಮರೆತಿದ್ದೆ. ನಲವತ್ತು ಮಕ್ಕಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರೆ ಹೆಂಚಿನ ಸಂದಿಗಳಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿದೆ. ಗೋಡೆ ಮೇಲೆ ಚಿತ್ರವೂ ಇಲ್ಲ, ಮಣ್ಣೂ ಇಲ್ಲ. ನಾನು ಬೆವರುತ್ತಾ ನಿಂತಿದ್ದೆ. ಅಷ್ಟರಲ್ಲಿ ಒಬ್ಬಳು ಹುಡುಗಿ ನೆಲ ತೋರಿಸಿ ಕೇಳಿದಳು: “ಸಾರ್, ಹೆಂಚಿನ ಸಂದಿ ಅಡ್ಡಾದಿಡ್ಡಿ ಉಂಟು, ನೆಲದ ಮೇಲೆ ಬಿಸಿಲು ಯಾಕೆ ಗುಂಡಗೆ ಬಿದ್ದದ್ದು?”

ಆ ದಿನದ ಪಾಠ ಅದೇ ಆಯಿತು. ಆ ಗುಂಡನೆ ಬಿಸಿಲಮಚ್ಚೆ ಒಂದೊಂದೂ ಸೂರ್ಯನ ಚಿತ್ರ. ಪ್ರತಿ ಸಂದಿಯೂ ಒಂದು ಕ್ಯಾಮೆರಾ, ನೆಲ ಸಾಕಷ್ಟು ದೂರ ಇದ್ದರೆ ಅದರ ಆಕಾರಕ್ಕೂ ಚಿತ್ರಕ್ಕೂ ಸಂಬಂಧ ಇಲ್ಲ. ನಿಮ್ಮ ಅಂಗಳದಲ್ಲೇ ಪರೀಕ್ಷೆ ಮಾಡಿ. ರಟ್ಟಿನಲ್ಲಿ ಅರ್ಧ ಸೆಂ.ಮೀ. ಅಗಲದ ತ್ರಿಕೋನ ತೂತು ಕತ್ತರಿಸಿ. ನೆಲದ ಹತ್ತಿರ ಹಿಡಿದರೆ ತ್ರಿಕೋನ ಬಿಸಿಲು. ನಿಧಾನಕ್ಕೆ ಮೇಲಕ್ಕೆತ್ತುತ್ತಾ ಹೋಗಿ, ಮೇಜಿನ ಮೇಲೆ ನಿಂತು ಎರಡು ಮೀಟರ್ ಎತ್ತರಕ್ಕೆ ಹಿಡಿಯುವಷ್ಟರಲ್ಲಿ ಗುಂಡಗಾಗಿರುತ್ತದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರು, ಕೊಡಗಿನ ಕಡೆ ಸೂರ್ಯ ಬಳೆಯಾಗಿ ಕಂಡ ಗ್ರಹಣ ನೆನಪಿದೆಯಾ? ಉಳಿದ ಕರ್ನಾಟಕದಲ್ಲಿ ಅದು ಪಾರ್ಶ್ವಗ್ರಹಣ. ಅಂಥ ಹೊತ್ತಿನಲ್ಲಿ ಮರದ ಕೆಳಗೆ ಬೀಳುವ ಬಿಸಿಲಮಚ್ಚೆಗಳೆಲ್ಲ ಬಿದಿಗೆ ಚಂದ್ರನ ಹಾಗೆ ಕೊಕ್ಕೆ ಕೊಕ್ಕೆ ಆಗಿರುತ್ತವೆ. ಎಲೆಗಳ ಸಂದಿ ಬದಲಾಗಿಲ್ಲ, ಬದಲಾಗಿರುವುದು ಸೂರ್ಯ.

ಇದರಲ್ಲಿ ಗಣಿತಕ್ಕೂ ಒಂದು ದಾರಿ ಇದೆ. ಸಣ್ಣ ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಒಂದು ಸೆಂ.ಮೀ. ಅಗಲ ಮಾತ್ರ ತೆರೆದಿಡಿ. ಬಿಸಿಲಲ್ಲಿಟ್ಟು ಬೆಳಕನ್ನು ಪಡಸಾಲೆಯ ಆಚೆ ತುದಿಗೆ, 10 ಮೀಟರ್ ದೂರದ ಕತ್ತಲು ಗೋಡೆಗೆ ಹಾಯಿಸಿ. ಸುಮಾರು 9 ಸೆಂ.ಮೀ. ಅಗಲದ ಸೂರ್ಯ ಅಲ್ಲಿ ಮೂಡುತ್ತಾನೆ, ಅಂಚು ಕೊಂಚ ಮಸುಕು. ಮಕ್ಕಳೇ ಸ್ಕೇಲ್ ಇಟ್ಟು ಅಳೆಯಲಿ. 10 ಮೀಟರಿಗೆ 9 ಸೆಂ.ಮೀ. ಆದರೆ 15 ಕೋಟಿ ಕಿಲೋಮೀಟರಿಗೆ ಎಷ್ಟು? ಬರುವ ಉತ್ತರ 13.5 ಲಕ್ಷ ಕಿ.ಮೀ. ಸೂರ್ಯನ ನಿಜವಾದ ವ್ಯಾಸ ಸುಮಾರು 13.9 ಲಕ್ಷ. ಸರ್ಕಾರಿ ಶಾಲೆಯ ಪಡಸಾಲೆಯಲ್ಲಿ ಒಂದು ಒಡಕು ಕನ್ನಡಿ ಚೂರಿಗೆ ಇಷ್ಟು ಸಾಕಲ್ವಾ? ಅದೇ ಲೆಕ್ಕ ತೆಂಗಿನಮರಕ್ಕೂ ನಡೆಯುತ್ತದೆ. ಮರದಿಂದ 24 ಮೀಟರ್ ದೂರ ನಿಂತಾಗ 10 ಸೆಂ.ಮೀ. ಕೊಳವೆಯಲ್ಲಿ ಮರ 5 ಸೆಂ.ಮೀ. ಬಂದರೆ ಅದರ ಎತ್ತರ 12 ಮೀಟರ್.

ಕನ್ನಡಿ ಇರಲಿ, ತೂತು ಇರಲಿ, ಲೆನ್ಸ್ ಇರಲಿ, ಅದರ ಮೂಲಕ ಸೂರ್ಯನನ್ನು ನೇರ ನೋಡಕೂಡದು. ಇದನ್ನು ಮಾತ್ರ ಗದರಿಸಿ ಹೇಳಿ.

ಲೆನ್ಸ್ ಅಂದೆನಲ್ಲ. ನಮ್ಮಲ್ಲಿ ಲೆನ್ಸ್ ಎಲ್ಲಿದೆ ಅಂತ ನೀವು ಕೇಳಬಹುದು. ನಿಮ್ಮ ಮಕ್ಕಳ ಮನೆಗಳಲ್ಲಿ ಲೆನ್ಸ್ ಇದೆ, ಅಜ್ಜ ಅಜ್ಜಿಯರ ಮೂಗಿನ ಮೇಲೆ. ದೂರದಿಂದ ಬಂದ ಬೆಳಕು ಲೆನ್ಸ್ ದಾಟಿ ಎಷ್ಟು ದೂರದಲ್ಲಿ ಒಂದೆಡೆ ಕೂಡುತ್ತದೋ ಅದಕ್ಕೆ ಸಂಗಮ ದೂರ ಅನ್ನುತ್ತಾರೆ. ಓದುವ ಕನ್ನಡಕಗಳ ಪವರ್ +2 ಅಂದರೆ 50 ಸೆಂ.ಮೀ. ಸಂಗಮ ದೂರ, +3 ಅಂದರೆ 33. ನೂರನ್ನು ಪವರಿನಿಂದ ಭಾಗಿಸಿದರೆ ಸೆಂಟಿಮೀಟರಿನಲ್ಲಿ ಸಂಗಮ ದೂರ ಸಿಗುತ್ತದೆ. ಒಂದೇ ಕಿಟಕಿ ತೆರೆದಿರುವ ಕೋಣೆಯಲ್ಲಿ, ಎದುರಿನ ಗೋಡೆಯಿಂದ ಅರ್ಧ ಮೀಟರ್ ದೂರದಲ್ಲಿ +2 ಕನ್ನಡಕ ಹಿಡಿದು ಸ್ವಲ್ಪ ಹಿಂದೆ ಮುಂದೆ ಮಾಡಿ. ಕಿಟಕಿ, ಸರಳು, ಆಚೆಯ ಮರ, ಎಲ್ಲ ಗೋಡೆ ಮೇಲೆ ಬಣ್ಣದಲ್ಲಿ ಉಲ್ಟಾ. ಡಬ್ಬಿಯೇ ಬೇಡ. ದೂರದ್ದು ಕಾಣದವರು ಹಾಕುವ ಮೈನಸ್ ಕನ್ನಡಕದಲ್ಲಿ ಏನೂ ಬರುವುದಿಲ್ಲ. ಯಾರ ಮನೆಯ ಕನ್ನಡಕ ಪ್ಲಸ್ಸು, ಯಾರದು ಮೈನಸ್ಸು, ಪ್ಲಸ್ಸಿನದು ಎಷ್ಟು ನಂಬರು ಅಂತ ಮಕ್ಕಳು ಸ್ಕೇಲಿನಲ್ಲೇ ಕಂಡುಹಿಡಿಯಬಹುದು. ಅಜ್ಜಿಗೆ ಕನ್ನಡಕ ವಾಪಸ್ ಕೊಡುವ ಜವಾಬ್ದಾರಿ ನಿಮ್ಮದು.

ಕೊಳವೆ ಕ್ಯಾಮೆರಾಕ್ಕೆ ಭೂತಗನ್ನಡಿ ಒಳ್ಳೆಯದು, 5 ಸೆಂ.ಮೀ. ಅಗಲ, 10 ಸೆಂ.ಮೀ. ಆಸುಪಾಸಿನ ಸಂಗಮ ದೂರದ್ದು. ಒಂದು ಸಿಕ್ಕಿದರೂ ಸಾಕು, ಅದನ್ನು ನೇರವಾಗಿ ಜೋಡಿಸಿಬಿಡಬೇಡಿ. ಮುಚ್ಚಳದ ಕಿಂಡಿಯನ್ನು ಗಾಜಿನಷ್ಟೇ ಅಗಲ ಮಾಡಿ ಹೊಸ ಫಾಯಿಲ್ ಅಂಟಿಸಿ. ಮೊದಲು ಫಾಯಿಲ್‌ನಲ್ಲಿ ಒಂದು ತೂತಿನ ಪಕ್ಕ ಇನ್ನೊಂದು, ಮತ್ತೊಂದು, ಒಟ್ಟು ಐದು ತೂತು ಮಾಡಿ, ಒಂದೊಂದರ ನಡುವೆ ಒಂದು ಸೆಂ.ಮೀ. ಬಿಟ್ಟು. ಪರದೆಯ ಮೇಲೆ ಐದು ಮರ ಕಾಣುತ್ತವೆ, ಒಂದರ ಮೇಲೊಂದು ಹತ್ತಿಕೊಂಡು. ಹೀಗೇ ತೂತು ಹೆಚ್ಚಿಸುತ್ತಾ ಹೋದರೆ ಚಿತ್ರಗಳು ಕಲಸಿ ಬರೀ ಬೆಳಕಾಗುತ್ತದೆ, ನಿಮ್ಮ ತರಗತಿ ಗೋಡೆಯ ಹಾಗೆ. ಐದಕ್ಕೇ ನಿಲ್ಲಿಸಿ, ಈಗ ಭೂತಗನ್ನಡಿಯನ್ನು ತೂತುಗಳಿಗೆ ತಾಗಿಸಿ ಇಡಿ. ಒಳಕೊಳವೆ ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಐದೂ ಮರಗಳು ಸರಿದು ಬಂದು ಒಂದೇ ಮರ ಆಗುತ್ತವೆ.

ಇಷ್ಟು ವರ್ಷದಲ್ಲಿ ನಾನು ಮಾಡಿರುವ ಪ್ರಯೋಗಗಳಲ್ಲಿ ಇದು ನನಗೆ ಎಲ್ಲಕ್ಕಿಂತ ಇಷ್ಟ. ಲೆನ್ಸ್ ಅಂದರೆ ಏನು ಅನ್ನುವುದಕ್ಕೆ ಬೇರೆ ವ್ಯಾಖ್ಯಾನ ಬೇಡ. ಸಾವಿರಾರು ತೂತುಗಳ ಚಿತ್ರಗಳನ್ನು ಒಂದೇ ಜಾಗಕ್ಕೆ ಕರೆತಂದು ಕೂರಿಸುವ ಗಾಜು ಅದು. ಈಗ ಫಾಯಿಲ್ ಕಿತ್ತು ಹಾಕಿ. 5 ಸೆಂ.ಮೀ. ಗಾಜು ಒಂದು ಮಿಲಿಮೀಟರ್ ತೂತಿಗಿಂತ 2,500 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಚಿತ್ರ ಝಗ್ಗನೆ ಬೆಳಗುತ್ತದೆ.

ಬೆಳಕಿಗೆ ಬೆಲೆಯೂ ತೆರಬೇಕು. ತೂತಿನ ಕ್ಯಾಮೆರಾದಲ್ಲಿ ಹತ್ತಿರದ್ದೂ ದೂರದ್ದೂ ಒಂದೇ ರೀತಿ ಕಾಣುತ್ತಿತ್ತು. ಲೆನ್ಸಿನಲ್ಲಿ ಹಾಗಾಗುವುದಿಲ್ಲ. ಸಂಗಮ ದೂರ 10 ಸೆಂ.ಮೀ. ಇದ್ದರೆ ದೂರದ ಮರಕ್ಕೆ ಪರದೆ 10ರಲ್ಲಿ ಇರಬೇಕು, ಒಂದು ಮೀಟರ್ ದೂರದ ಗೆಳತಿಯ ಮುಖಕ್ಕೆ 11ಕ್ಕೆ, ಅರ್ಧ ಮೀಟರಿಗೆ ಬಂದರೆ 12.5ಕ್ಕೆ ಸರಿಸಬೇಕು. ಸೂತ್ರ ಹೇಳುವ ಮುಂಚೆ ಕೊಳವೆ ಜಾರಿಸಿ ಈ ಅಂಕಿಗಳನ್ನು ಮಕ್ಕಳೇ ಬರೆದುಕೊಳ್ಳಲಿ. ನಮ್ಮ ಕಣ್ಣಿನ ಪರದೆ ಹೀಗೆ ಜಾರುವುದಿಲ್ಲ, ಬದಲಿಗೆ ಲೆನ್ಸೇ ಉಬ್ಬುತ್ತದೆ, ಚಪ್ಪಟೆಯಾಗುತ್ತದೆ. ವಯಸ್ಸಾದ ಮೇಲೆ ಆ ಲೆನ್ಸ್ ಗಟ್ಟಿಯಾಗುತ್ತದೆ, ಉಬ್ಬಲಾರದು. ಅಜ್ಜಿ ಪೇಪರನ್ನು ದೂರ ಹಿಡಿದು ಓದುವುದು ಅದಕ್ಕೇ. ನಿಮಗೂ ಕನ್ನಡಕ ಇದ್ದರೆ ತೆಗೆದಿಟ್ಟು, ಕಪ್ಪು ಕಾಗದದ ಒಂದು ಮಿ.ಮೀ. ತೂತಿನಿಂದ ಅಕ್ಷರ ನೋಡಿ. ಮಂದವಾಗಿ, ಆದರೆ ಸ್ಪಷ್ಟವಾಗಿ ಕಾಣುತ್ತದೆ.

ಇಡೀ ಕೋಣೆಯ ಕ್ಯಾಮೆರಾವನ್ನೂ ಒಮ್ಮೆ ಮಾಡಿ. ಆರ್‌ಸಿಸಿ ಚಾವಣಿ ಇರುವ ಸಾಮಾನಿನ ಕೋಣೆ ಆರಿಸಿಕೊಳ್ಳಿ, ನನ್ನ ಹಾಗೆ ಮೋಸ ಹೋಗಬೇಡಿ. ಬೆಳಿಗ್ಗೆ ಆದರೆ ಪಶ್ಚಿಮದ ಕಿಟಕಿ, ಮಧ್ಯಾಹ್ನದ ಮೇಲಾದರೆ ಪೂರ್ವದ ಕಿಟಕಿ, ಆಗ ಹೊರಗಿನ ದೃಶ್ಯಕ್ಕೆ ಬಿಸಿಲು ಎದುರಿನಿಂದ ಬೀಳುತ್ತದೆ. ತೂತು ಒಂದೂವರೆ ಸೆಂ.ಮೀ. ಇರಲಿ. ಗೋಡೆ ದೂರ ಇದ್ದರೆ ಬಿಳಿ ಪಂಚೆಯನ್ನು ಇಬ್ಬರು ಹಿಡಿದು ತೂತಿನಿಂದ ಎರಡು ಮೀಟರ್ ದೂರ ನಿಲ್ಲಲಿ. ಹತ್ತು ನಿಮಿಷ ಕತ್ತಲಲ್ಲಿ ಕೂತ ಮೇಲೆ ಹೊರಗೆ ನಾಲ್ಕು ಮಕ್ಕಳನ್ನು ಕುಣಿಯಲು ಬಿಡಿ. ಲ್ಯಾಟಿನ್ ಭಾಷೆಯಲ್ಲಿ ಕ್ಯಾಮೆರಾ ಅಂದರೆ ಕೋಣೆ ಅಂತಲೇ ಅರ್ಥ. ಕತ್ತಲು ಕೋಣೆ ಎಂಬ ಅರ್ಥದ ಕ್ಯಾಮೆರಾ ಅಬ್ಸ್ಕ್ಯುರಾ ಅನ್ನುವ ಹೆಸರು ಕೆಪ್ಲರ್ 1604ರಲ್ಲಿ ಬಳಸಿದ್ದು. ನಮ್ಮ ಜೇಬಿನ ಮೊಬೈಲಿನೊಳಗೂ ಉಳಿದಿರುವುದು ಆ ಕೋಣೆಯೇ.

ಇನ್ನು ಫೋಟೋ. ತೆಗೆಯಬಹುದು. ಹಳೇ ಪದ್ಧತಿಯಲ್ಲಾದರೆ ಕಪ್ಪು-ಬಿಳುಪು ಫೋಟೋ ಪೇಪರ್ ಬೇಕು, ಕೆಂಪು ದೀಪದ ಕತ್ತಲು ಕೋಣೆ ಬೇಕು. 10 ಸೆಂ.ಮೀ. ಕೊಳವೆಗೆ ಆಗ ತೂತು 0.45 ಮಿ.ಮೀ. ಇರಬೇಕು. ಅದಕ್ಕಿಂತ ಸಣ್ಣದಾದರೆ ಇನ್ನೂ ಸ್ಪಷ್ಟ ಆಗುತ್ತದೆ ಅಂದುಕೊಳ್ಳಬೇಡಿ, ತೀರಾ ಸಣ್ಣ ತೂತಿನಲ್ಲಿ ಬೆಳಕು ಅಂಚಿಗೆ ಬಾಗಿ ಹರಡುತ್ತದೆ. ವಿವರ್ತನೆ ಅನ್ನುವುದು ಇದನ್ನೇ. ಒಳ್ಳೆ ಬಿಸಿಲಲ್ಲಿ ಅರ್ಧ ನಿಮಿಷದಿಂದ ಒಂದೆರಡು ನಿಮಿಷ ತೂತು ತೆರೆದಿಟ್ಟರೆ ಪೇಪರಿನಲ್ಲಿ ಚಿತ್ರ ಕೂರುತ್ತದೆ. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಕಲಸಿದ ನೀರಿನಲ್ಲಿ ಅದನ್ನು ಮೂಡಿಸುವವರೂ ಇದ್ದಾರೆ. ವಾಸನೆ ಮಾತ್ರ ಕಾಫಿಯದ್ದಲ್ಲ, ಮೂಗು ಮುಚ್ಚಿಕೊಳ್ಳಬೇಕು. ಆಮೇಲೆ ಚಿತ್ರ ಕೆಡದಂತೆ ನಿಲ್ಲಿಸುವ ಹೈಪೋ ಎಂಬ ರಾಸಾಯನಿಕದ ನೀರಿನಲ್ಲಿ ಅದ್ದಬೇಕು. ಆದರೆ ಏಳನೇ ತರಗತಿಗೆ ಇದೆಲ್ಲ ಮೊದಲ ವರ್ಷವೇ ಬೇಡ ಅನ್ನುತ್ತೇನೆ. ಪೇಪರ್ ಈಗ ಸುಲಭಕ್ಕೆ ಸಿಗುವುದಿಲ್ಲ, ಹಾಳಾದರೆ ಮಕ್ಕಳ ಉತ್ಸಾಹವೂ ಹಾಳು.

ಅದರ ಬದಲು ಲೆನ್ಸ್ ಹಾಕಿದ ಕೊಳವೆಯ ಹಿಂದಿನ ಬಾಯಿಗೆ ನಿಮ್ಮ ಮೊಬೈಲಿನ ಕ್ಯಾಮೆರಾ ಒತ್ತಿ ಹಿಡಿದು ಬಟರ್ ಪೇಪರಿನ ಮೇಲಿನ ಚಿತ್ರದ ಫೋಟೋ ತೆಗೆಯಿರಿ. ತೂತಿನ ಕೊಳವೆಯಾದರೆ ನೈಟ್ ಮೋಡ್ ಹಾಕಿ, ಕೊಳವೆಯನ್ನು ಇಟ್ಟಿಗೆ ಮೇಲೆ ಅಲುಗದಂತೆ ಇಡಿ. ಪೇಪರಿನ ನಾರು, ಸುಕ್ಕು ಎಲ್ಲ ಬರುತ್ತದೆ, ಬರಲಿ. ಮೊದಲ ಫೋಟೋ ನಿಮ್ಮ ಶಾಲೆಯ ಹೆಸರಿನ ಬೋರ್ಡಿನದ್ದಾಗಿರಲಿ. ಕೊಳವೆಯಲ್ಲಿ ನಾವು ಪರದೆಯನ್ನು ಹಿಂದಿನಿಂದ ನೋಡುವುದರಿಂದ ಮೇಲೆ-ಕೆಳಗೆ, ಎಡ-ಬಲ ಎರಡೂ ಅದಲುಬದಲು ಆಗಿರುತ್ತವೆ. ಹಾಗಾಗಿ ಮೊಬೈಲನ್ನು ತಲೆಕೆಳಗಾಗಿ ತಿರುಗಿಸಿ ಹಿಡಿದರೆ ಬೋರ್ಡನ್ನು ಸರಾಗವಾಗಿ ಓದಬಹುದು. ಕೋಣೆ ಕ್ಯಾಮೆರಾದಲ್ಲಿ ಗೋಡೆ ಮೇಲೆ ಬಿದ್ದ ಅದೇ ಬೋರ್ಡಿನ ಫೋಟೋವನ್ನೂ ತೆಗೆದು ಹೀಗೇ ತಿರುಗಿಸಲು ಹೇಳಿ. ಈ ಸಲ ಅಕ್ಷರಗಳು ನೆಟ್ಟಗಾದರೂ ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿರುತ್ತವೆ. ಯಾಕೆ ಅನ್ನುವುದನ್ನು ಮಕ್ಕಳಿಗೆ ಬಿಡಿ. ಒಂದು ವಾರ ಆದರೂ ಉತ್ತರ ಬರಲಿಲ್ಲ ಅಂದರೆ, ಪಂಚೆ ಹಿಡಿದಿದ್ದ ಇಬ್ಬರ ಹಿಂದೆ ಹೋಗಿ, ಅದೇ ಚಿತ್ರವನ್ನು ಬಟ್ಟೆಯ ಆಚೆ ಕಡೆಯಿಂದ ನೋಡಲು ಹೇಳಿ.